ವಚನ ಬಾಯಿಗೆ ಬಂದಿದೆ, ಓದು ಇನ್ನೂ ಬಂದಿಲ್ಲ

ಪ್ರಶ್ನೆ: ನಾವು ಹುಬ್ಬಳ್ಳಿಯ ಸಮೀಪದವರು, ಲಿಂಗಾಯತ ಮನೆತನದವರು. ಆರೂವರೆ ವರ್ಷದ ಮಗಳನ್ನು ಶಾಲೆಗೆ ಸೇರಿಸದೆ ನಮ್ಮ ಧರ್ಮದ ಆಚಾರ ವಿಚಾರಗಳ ನಡುವೆ ಮನೆಯಲ್ಲಿಯೇ ಕಲಿಸುತ್ತಿದ್ದೇವೆ. ದಿನವೂ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಮಾವನವರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವಚನದ ಪುಸ್ತಕ ತೆರೆದು ಓದಿಸುತ್ತಾರೆ. ಎರಡು ವರ್ಷಗಳಿಂದ ಇದು ನಡೆದಿದೆ. ನಲವತ್ತಕ್ಕೂ ಹೆಚ್ಚು ವಚನಗಳನ್ನು ಬೆರಳಿಟ್ಟು ತಡೆಯಿಲ್ಲದೆ ಓದುತ್ತಾಳೆ. ಆದರೆ ಕಳೆದ ವಾರ ನನ್ನ ತಂಗಿ ತಂದ ಕಥೆ ಪುಸ್ತಕದ ಮೊದಲ ಸಾಲೇ ಅವಳಿಗೆ ಓದಲಾಗಲಿಲ್ಲ. ‘ಮಳೆ’ ಎಂಬ ಪದಕ್ಕೂ ತಡವರಿಸಿದಳು. ವಚನಗಳಿಂದಲೇ ಓದು ಕಲಿಸಬೇಕೆಂಬುದು ನಮ್ಮ ಸಂಕಲ್ಪ, ಬೇರೆ ಪುಸ್ತಕ ಬೇಡವೆಂಬುದು ಮಾವನವರ ಮಾತು. ನಾವು ಎಲ್ಲಿ ತಪ್ಪಿದೆವು? ಇಂಗ್ಲಿಷ್ ಯಾವಾಗ ಶುರು ಮಾಡಬೇಕು?

ಉತ್ತರ: ನಿಮ್ಮ ಮಗಳು ಈ ಎರಡು ವರ್ಷಗಳಲ್ಲಿ ಬಹಳಷ್ಟನ್ನು ಕಲಿತಿದ್ದಾಳೆ, ಆದರೆ ಅದರಲ್ಲಿ ಓದು ಸೇರಿಲ್ಲ. ಅವಳು ಕಲಿತದ್ದು ಬಾಯಿಪಾಠ. ಪುಸ್ತಕ ಎದುರಿಗಿರುವುದರಿಂದ, ಬೆರಳು ಸಾಲಿನ ಮೇಲೆ ಸರಿಯುತ್ತಿರುವುದರಿಂದ, ನೋಡುವವರಿಗೆ ಅದು ಓದಿನಂತೆಯೇ ಕಾಣುತ್ತದೆ. ನಾಳೆ ಬೆಳಿಗ್ಗೆ ಅವಳ ಮುಖವನ್ನು ಬಿಟ್ಟು ಬೆರಳನ್ನು ಮಾತ್ರ ಗಮನಿಸಿ. ಒಂದು ಪದ ಮುಗಿಯುವ ಮೊದಲೇ ಬೆರಳು ಮುಂದಿನದಕ್ಕೆ ಹೋಗಿರುತ್ತದೆ, ಇಲ್ಲವೇ ಸಾಲು ಮುಗಿದರೂ ಬಾಯಿ ಇನ್ನೂ ಹಿಂದಿನ ಪದದಲ್ಲಿರುತ್ತದೆ. ಓದುವ ಮಗುವಿನಲ್ಲಿ ಬೆರಳಿನ ಹಿಂದೆ ಬಾಯಿ ಬರುತ್ತದೆ. ನಿಮ್ಮ ಮಗಳಲ್ಲಿ ಬಾಯಿಯ ಹಿಂದೆ ಬೆರಳು ಹೋಗುತ್ತಿದೆ.

ಇದನ್ನು ತಪ್ಪೆನ್ನುವುದಕ್ಕಿಂತ, ಎರಡು ಬೇರೆ ಬೇರೆ ವಿದ್ಯೆಗಳನ್ನು ಒಂದೇ ಎಂದು ತಿಳಿದುಕೊಂಡ ಗೊಂದಲ ಎನ್ನಬೇಕು. ಪ್ರಾರ್ಥನೆ ಇರುವ ಮನೆಗಳಲ್ಲೆಲ್ಲ ಈ ಗೊಂದಲ ಇದ್ದೇ ಇರುತ್ತದೆ. ಮಾಧ್ವರ ಮನೆಯಲ್ಲಿ ಸ್ತೋತ್ರ ಹೇಳುವ ಹುಡುಗ, ಕ್ರೈಸ್ತರ ಮನೆಯಲ್ಲಿ ಕರ್ತನ ಪ್ರಾರ್ಥನೆಯನ್ನು ಸತ್ಯವೇದದ ಪುಟದ ಮೇಲೆ ಬೆರಳಾಡಿಸುತ್ತ ಹೇಳುವ ಹುಡುಗಿ, ಇವರನ್ನೆಲ್ಲ ನಾನು ಕಂಡಿದ್ದೇನೆ, ಅವರ ತಂದೆತಾಯಿಗಳೂ ನಿಮ್ಮಂತೆಯೇ ಒಂದು ದಿನ ಯಾವುದೋ ಕಥೆ ಪುಸ್ತಕದ ಮುಂದೆ ಗಾಬರಿಗೊಂಡವರೇ. ಈ ವಿಷಯದಲ್ಲಿ ಮುಸ್ಲಿಮರ ಕುರಾನ್ ಪಾಠದ ಪದ್ಧತಿ ಒಂದು ವ್ಯತ್ಯಾಸವನ್ನು ಹೆಸರಿನಲ್ಲೇ ಉಳಿಸಿಕೊಂಡಿದೆ: ಅಕ್ಷರ ನೋಡಿಕೊಂಡು ಓದುವುದಕ್ಕೆ ನಾಜಿರಾ, ಕಂಠಸ್ಥ ಮಾಡುವುದಕ್ಕೆ ಹಿಫ್ಜ್. ಎರಡೂ ಬೇರೆ ಪಾಠಗಳು. ನಮ್ಮಲ್ಲಿ ‘ವಚನ ಓದುತ್ತಾಳೆ’ ಎಂಬ ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ. ವೈದಿಕ ಪರಂಪರೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಣಿನೀಯ ಶಿಕ್ಷೆಯ ಶ್ಲೋಕವೊಂದರಲ್ಲಿ ಆರು ಬಗೆಯ ಅಧಮ ಪಾಠಕರನ್ನು ಎಣಿಸುವಾಗ ಬರೆದದ್ದನ್ನು ನೋಡಿಕೊಂಡು ಪಠಿಸುವವನನ್ನೂ ಆ ಪಟ್ಟಿಗೆ ಸೇರಿಸಿದೆ. ಅದೇ ಪಟ್ಟಿಯಲ್ಲಿ ಅರ್ಥ ತಿಳಿಯದೆ ಪಠಿಸುವವನೂ ಇದ್ದಾನೆ ಎಂಬುದನ್ನು ಮಾತ್ರ ನಾವು ಅನುಕೂಲಕ್ಕೆ ತಕ್ಕಂತೆ ಮರೆಯುತ್ತೇವೆ. ಒಟ್ಟಿನಲ್ಲಿ ಕಂಠಪಾಠದ ಗುರಿಯೇ ಬೇರೆ. ಪುಸ್ತಕ ಬೇಡವಾಗುವುದೇ ಅದರ ಸಿದ್ಧಿ. ಪುಸ್ತಕವಿಲ್ಲದೆ ಓದಂತೂ ಇಲ್ಲ.

ಮೊದಲು ಅವಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ನಿಖರವಾಗಿ ತಿಳಿದುಕೊಳ್ಳಿ. ಹತ್ತು ನಿಮಿಷ ಸಾಕು, ಪರೀಕ್ಷೆಯೆಂದು ಹೇಳುವ ಅಗತ್ಯವಿಲ್ಲ. ಅವಳಿಗೆ ಚೆನ್ನಾಗಿ ಬರುವ ‘ಕಳಬೇಡ, ಕೊಲಬೇಡ’ ವಚನದ ಮೊದಲ ಸಾಲನ್ನು ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು, ನಡುವಿನ ಒಂದು ಪದದ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳಿ. ಬಾಯಿಪಾಠದ ಮಗು ಉತ್ತರಿಸುವ ಮೊದಲು ಸಾಲಿನ ಆರಂಭಕ್ಕೆ ಹೋಗಿ, ತುಟಿಯೊಳಗೇ ಹೇಳಿಕೊಂಡು ಬಂದು, ಆ ಪದದ ಬಳಿ ನಿಲ್ಲುತ್ತದೆ. ಆಮೇಲೆ ಅದೇ ಹಾಳೆಯ ಕೆಳಗೆ ಆ ವಚನದಲ್ಲಿ ಇಲ್ಲದ ಒಂದು ಪದ ಬರೆಯಿರಿ: ‘ಅಳಬೇಡ’. ಒಂದೇ ಅಕ್ಷರದ ವ್ಯತ್ಯಾಸ. ಅವಳು ‘ಕಳಬೇಡ’ ಎಂದರೆ ಕಣ್ಣು ಕೆಲಸ ಮಾಡುತ್ತಿಲ್ಲ, ನೆನಪು ಮಾಡುತ್ತಿದೆ ಎಂದರ್ಥ. ‘ಅಳಬೇಡ’ ಎಂದು ಹೇಳಿ ನಕ್ಕರೆ ನೀವು ಹೆದರಿದಷ್ಟು ಕೆಟ್ಟಿಲ್ಲ. ಕೊನೆಯಲ್ಲಿ ಅರ್ಥವೇ ಇಲ್ಲದ ಎರಡು ಮೂರು ಪದಗಳನ್ನು, ‘ಮಲಸ’, ‘ಗದಬ’ ಎಂಬಂಥವನ್ನು, ಓದಿಸಿ ನೋಡಿ. ಇವನ್ನು ಊಹಿಸಲು ಸಾಧ್ಯವಿಲ್ಲ. ಅಕ್ಷರ ಗೊತ್ತಿದ್ದರೆ ಮಾತ್ರ ಓದಲಾಗುತ್ತದೆ.

ಅಂಕಿತದ, ಅಂದರೆ ವಚನದ ಕೊನೆಯಲ್ಲಿ ಬರುವ ವಚನಕಾರರ ಗುರುತಿನ ಹೆಸರಿನ, ಬಗ್ಗೆ ಒಂದು ಎಚ್ಚರಿಕೆ. ವಚನದ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಅಂಕಿತವು ಪದವಾಗಿ ಕಾಣದೆ ಚಿತ್ರವಾಗಿ ಕಾಣುತ್ತದೆ. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಏಳು ವರ್ಷದ ಒಬ್ಬ ಹುಡುಗ ಬಸ್ಸಿನ ಬೋರ್ಡು ನೋಡಿ ಜೋರಾಗಿ ‘ಕೂಡಲಸಂಗಮದೇವ’ ಎಂದು ಓದಿದ. ಬೋರ್ಡಿನ ಮೇಲೆ ಇದ್ದದ್ದು ‘ಕೂಡಲಸಂಗಮ’ ಅಷ್ಟೇ. ಕೃಷ್ಣೆ ಮತ್ತು ಮಲಪ್ರಭೆ ಸೇರುವ ಬಾಗಲಕೋಟೆ ಜಿಲ್ಲೆಯ ಊರಿಗೆ ಹೋಗುವ ಬಸ್ಸು. ಅಲ್ಲಿದ್ದವರೆಲ್ಲ ಮೆಚ್ಚಿ ತಲೆ ಸವರಿದರು, ಅವನ ತಾಯಿಗೂ ಸಂತೋಷವಾಯಿತು. ‘ಕೂ’ ಎಂಬ ಒಂದೇ ಅಕ್ಷರ ನೋಡಿ ಉಳಿದದ್ದನ್ನು ಬಾಯಿಯಿಂದ ತುಂಬಿಸುವ ಈ ಅಭ್ಯಾಸವನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ, ಆದ್ದರಿಂದ ಇದನ್ನು ಬೇಗ ಗುರುತಿಸಬೇಕು.

ಇನ್ನು ಅಕ್ಷರಗಳ ವಿಷಯ. ಅ ದಿಂದ ಳ ದವರೆಗೆ 49 ಅಕ್ಷರಗಳನ್ನೂ ಕ್ರಮವಾಗಿ ತಿದ್ದಿಸಿ ಮುಗಿಸಿದ ಮೇಲೆಯೇ ಪದ ಎಂಬ ಹಳೆಯ ಕ್ರಮವನ್ನು ಈಗ ಬಿಡುವುದು ಒಳ್ಳೆಯದು. ವರ್ಣಮಾಲೆಯ ಕ್ರಮ ಉಚ್ಚಾರಣೆಯ ಸ್ಥಾನಗಳನ್ನು ಅನುಸರಿಸಿದ್ದು. ಅದರ ಸೊಗಸು ವ್ಯಾಕರಣ ಕಲಿಯುವವರಿಗೆ ತಿಳಿಯುತ್ತದೆ, ಆರು ವರ್ಷದ ಮಗುವಿಗೆ ಅದರಿಂದ ಸಿಗುವುದು ಮತ್ತೊಂದು ಬಾಯಿಪಾಠ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬ ಐದನ್ನು. ಕಾರಣ ಸರಳ: ಈ ಐದು ಬಂದ ದಿನವೇ ಸರ, ರಸ, ಅರಸ, ಅಗಸ, ಗರಗಸ ಎಂದು ಮಗು ಓದಬಲ್ಲದು, ಬರೆಯುವುದೂ ಸುಲಭ.

ಧಾರ್ಮಿಕ ಮನೆಗಳಲ್ಲಿ ಸಹಜವಾಗಿಯೇ ಪಂಚಾಕ್ಷರಿಯಿಂದ ಶುರು ಮಾಡೋಣವೆಂಬ ಆಸೆ ಬರುತ್ತದೆ. ನ, ಮ, ಶ, ವ, ಯ. ಭಾವನೆ ದೊಡ್ಡದು, ಆದರೆ ಮೊದಲ ಗುಂಪಾಗಿ ಇದು ಒಳ್ಳೆಯದಲ್ಲ. ವ ಮತ್ತು ಮ ನೋಡಲು ಅಕ್ಕತಂಗಿಯರು, ಅವನ್ನು ಒಟ್ಟಿಗೆ ಕಲಿಸಿದರೆ ಮಗು ತಿಂಗಳುಗಟ್ಟಲೆ ಅದಲುಬದಲು ಮಾಡುತ್ತದೆ. ಮ, ಯ ಎರಡೂ ಗುಣಿತದಲ್ಲಿ ಉಳಿದ ಅಕ್ಷರಗಳಂತೆ ನಡೆದುಕೊಳ್ಳುವುದಿಲ್ಲ. ಮೇಲಾಗಿ ಈ ಐದರಿಂದ ಮನ, ವನ, ನಯ ಎಂಬ ಚೆಂದದ ಪದಗಳ ಜೊತೆಗೇ ಯಮ, ಶವ ಎಂಬ ಪದಗಳೂ ಹುಟ್ಟುತ್ತವೆ. ಮಾವನವರು ಪಕ್ಕದಲ್ಲಿರುವಾಗ ಮಗಳು ಉತ್ಸಾಹದಿಂದ ಅವನ್ನು ಬರೆದು ತೋರಿಸಿದರೆ ನನ್ನನ್ನು ಬೈಯಬೇಡಿ. ಪಂಚಾಕ್ಷರಿ ಪೂಜೆಯಲ್ಲಿ ಇರಲಿ. ಪಾಟಿಯ ಮೇಲೆ ರ, ಗ, ಸ, ದ, ಅ ಬರಲಿ, ಆಮೇಲೆ ಜ, ವ, ಮ, ಬ, ನ ಬರಲಿ. ಎರಡನೆಯ ಗುಂಪಿನಲ್ಲಿಯೂ ವ, ಮ ಒಟ್ಟಿಗೇ ಇವೆಯಲ್ಲ ಎಂದು ನೀವು ಕೇಳಬಹುದು. ನಿಜ, ಅಲ್ಲಿ ನಾನು ಮ ವನ್ನು ಒಂದು ವಾರ ಹಿಂದಕ್ಕೆ ಹಾಕುತ್ತೇನೆ.

ಗುಣಿತದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ಏಕೆಂದರೆ ಕನ್ನಡದ ಓದು ನಿಜವಾಗಿ ಕಲಿಯುವುದೂ ಕೈತಪ್ಪುವುದೂ ಅಲ್ಲಿಯೇ. 34 ವ್ಯಂಜನಗಳಿಗೆ ಸ್ವರಚಿಹ್ನೆಗಳು ಸೇರಿದಾಗ 400ಕ್ಕೂ ಹೆಚ್ಚು ರೂಪಗಳಾಗುತ್ತವೆ, ಅವನ್ನೆಲ್ಲ ಬಿಡಿಬಿಡಿಯಾಗಿ ನೆನಪಿಡುವುದು ಯಾರಿಗೂ ಸಾಧ್ಯವಿಲ್ಲ. ಚಿಹ್ನೆಯ ಕೆಲಸ ಏನೆಂದು ಮಗುವಿಗೆ ಹೊಳೆಯಬೇಕು. ನಮ್ಮ ಕಡೆ ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ಒಂದೇ ಅಕ್ಷರದ ಕಾಗುಣಿತವನ್ನು ರಾಗವಾಗಿ ಹೇಳಿಸುವುದುಂಟು. ಅದನ್ನು ಅಡ್ಡಕ್ಕೆ ಬದಲು ಉದ್ದಕ್ಕೆ ಮಾಡಿ: ಒಂದು ವಾರವೆಲ್ಲ ಇಳಿ ಮಾತ್ರ, ಕಾ, ಗಾ, ರಾ, ಸಾ, ದಾ, ಮುಂದಿನ ವಾರ ಗುಡಿಸು ಮಾತ್ರ. ಒಂದು ಚಿಹ್ನೆ ಹಲವು ಅಕ್ಷರಗಳ ಮೇಲೆ ಒಂದೇ ಕೆಲಸ ಮಾಡುವುದನ್ನು ಕಂಡಾಗ ಕಲಿಸದ ಅಕ್ಷರಕ್ಕೂ ಮಗು ತಾನೇ ಅದನ್ನು ಹಚ್ಚಿ ಓದುತ್ತದೆ, ಆ ಗಳಿಗೆಯನ್ನು ನೀವು ತಪ್ಪಿಸಿಕೊಳ್ಳಬಾರದು. ಇನ್ನೊಂದು ಮಾತು: ಪದ ಓದುವಾಗ ‘ನ ಗುಡಿಸು ನಿ, ಲ ಕೊಂಬು ಲು’ ಎಂದು ಬಿಡಿಸಿ ಹೇಳುವ ಅಭ್ಯಾಸವನ್ನು ಬೇಗ ನಿಲ್ಲಿಸಿ. ಹಾಗೆ ಹೇಳುತ್ತ ಹೋದ ಮಗು ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದನ್ನು ಮರೆತಿರುತ್ತದೆ.

ಕೆಲವು ಕಡೆ ಲಿಪಿಯೇ ಮಗುವಿಗೆ ಮೋಸ ಮಾಡುತ್ತದೆ, ಅಲ್ಲಿ ನೀವು ಮೊದಲೇ ಹೇಳಿಬಿಡಬೇಕು. ಗುಡಿಸು ಬಂದಾಗ ತಲೆಕಟ್ಟು ಮಾಯವಾಗಿ ಅಕ್ಷರದ ತಲೆಯೇ ದುಂಡಗಾಗುತ್ತದೆ. ಪ, ವ ಗಳಿಗೆ ಕೊಂಬು ಪಕ್ಕದಲ್ಲಿ ನಿಲ್ಲದೆ ಕೆಳಗೆ ಇಳಿಯುತ್ತದೆ. ಪಕ್ಕದಲ್ಲಿ ನಿಂತಿದ್ದರೆ ‘ವು’ ಎಂಬುದು ‘ಮ’ದಂತೆಯೇ ಕಾಣುತ್ತಿತ್ತು ಎಂದು ಬರೆದು ತೋರಿಸಿದರೆ ಮಕ್ಕಳಿಗೆ ತುಂಬ ಖುಷಿ. ‘ಕೊ’ ಎಂಬಲ್ಲಿ ಗುರುತು ತಲೆಯ ಮೇಲೂ ಇದೆ, ಬಲಕ್ಕೂ ಇದೆ, ಎರಡನ್ನೂ ನೋಡದ ಮಗು ‘ಕೆ’ ಎನ್ನುತ್ತದೆ. ‘ಕೊಲಬೇಡ’ವನ್ನು ಅವಳು ಸಾವಿರ ಸಲ ಹೇಳಿದ್ದಾಳೆ, ಆ ‘ಕೊ’ವನ್ನು ಮಾತ್ರ ಒಂದು ಸಲವೂ ನೋಡಿರಲಿಕ್ಕಿಲ್ಲ.

ಒತ್ತಕ್ಷರಕ್ಕೆ ಅವಸರ ಬೇಡ, ಆದರೆ ಬಂದಾಗ ಮನೆಯ ಪದಗಳಿಂದ ಬರಲಿ: ಅಕ್ಕ, ಅಜ್ಜ, ಅಣ್ಣ, ಅಪ್ಪ. ಇವುಗಳ ಒತ್ತು ಮೂಲ ಅಕ್ಷರದ ಹಾಗೆಯೇ ಇರುತ್ತದೆ, ಮಗು ಗುರುತು ಹಿಡಿಯುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ತಾಯಿ ಅಕ್ಷರವನ್ನು ಹೋಲುವುದೇ ಇಲ್ಲ, ಆದ್ದರಿಂದ ಇವು ಎರಡನೆಯ ಸರದಿ. ಲಿಪಿಯ ಲೆಕ್ಕದಲ್ಲಿ ಅಪ್ಪನ ನಂತರವೇ ಅಮ್ಮ ಬರಬೇಕಾಗುತ್ತದೆ ಎಂಬುದಕ್ಕೆ ನೀವು ಬೇಸರಿಸಬಾರದು. ಎಲ್ಲಕ್ಕಿಂತ ಕೊನೆಗೆ ಅರ್ಕಾವತ್ತು. ‘ಧರ್ಮ’ ಎಂದು ಬರೆದಾಗ ಕಣ್ಣಿಗೆ ಧ, ಮ, ಆಮೇಲೆ ಆ ಬಾಲದಂಥ ಗುರುತು ಕಾಣುತ್ತದೆ. ಬಾಯಿ ಮಾತ್ರ ರ್ ಅನ್ನು ಮ ಕ್ಕಿಂತ ಮೊದಲೇ ಹೇಳಬೇಕು. ಕಣ್ಣಿನ ಕ್ರಮವನ್ನು ಬಾಯಿ ಮುರಿಯಬೇಕಾದ ಈ ಕಡೆ ಶಾಲೆಯ ಮಕ್ಕಳೂ ಬಹುಕಾಲ ಎಡವುತ್ತಾರೆ. ಧರ್ಮ, ಕರ್ಮ, ಸರ್ವ, ಪ್ರಾರ್ಥನೆ ಎಂದು ಧಾರ್ಮಿಕ ಪುಸ್ತಕಗಳ ತುಂಬ ಅರ್ಕಾವತ್ತೇ ಇರುವುದರಿಂದ ನಿಮ್ಮಂಥ ಮನೆಗಳಲ್ಲಿ ಮಗು ಅತ್ಯಂತ ಕಷ್ಟದ ಅಕ್ಷರವನ್ನು ಅತ್ಯಂತ ಮೊದಲು ಎದುರಿಸುತ್ತದೆ, ಎದುರಿಸಲಾಗದೆ ಬಾಯಿಪಾಠದ ಮರೆಗೆ ಹೋಗುತ್ತದೆ. ನಿಮ್ಮ ಮಗಳು ಮಾಡಿದ್ದು ಇದನ್ನೇ ಇರಬಹುದು.

ಹಾಗಾದರೆ ವಚನದಿಂದ ಓದು ಕಲಿಸಲಾಗದೇ? ಕಲಿಸಬಹುದು, ಮತ್ತು ಈ ನಲವತ್ತು ವಚನಗಳು ಅವಳ ಬಾಯಲ್ಲಿರುವುದು ದೊಡ್ಡ ಆಸ್ತಿ. ವಚನ ಪದ್ಯದ ಬಿಗಿ ಕಟ್ಟಿನದಲ್ಲ, ಮಾತಿಗೆ ಹತ್ತಿರವಾದದ್ದು. ವಾಕ್ಯಗಳು ಚಿಕ್ಕವು, ಒಂದೇ ಕ್ರಿಯಾಪದ ಮರುಕಳಿಸುತ್ತದೆ. ‘ಕಳಬೇಡ’ ವಚನವನ್ನೇ ನೋಡಿ: ‘ಅನ್ಯರಿಗೆ’ ಎಂಬ ಪದ ಬರುವವರೆಗೆ ಅದರಲ್ಲಿ ಒಂದೂ ಒತ್ತಕ್ಷರವಿಲ್ಲ. ಕಲಿಕೆಯ ಪುಸ್ತಕ ಬರೆಯುವವರು ಹುಡುಕಿದರೂ ಇಂಥ ಸಾಲು ಸಿಗುವುದಿಲ್ಲ. ಗುಣಿತ ಬಂದ ಮೇಲೆ ಈ ಸಾಲಿನ ಪ್ರತಿಯೊಂದು ಪದವನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದು, ಕಲಸಿ, ಮತ್ತೆ ಜೋಡಿಸಲು ಹೇಳಿ. ನೆನಪು ಇಲ್ಲಿ ಅವಳಿಗೆ ಉತ್ತರಪತ್ರಿಕೆಯಂತೆ ನೆರವಾಗುತ್ತದೆ, ಕಣ್ಣು ಮಾತ್ರ ಕೆಲಸ ಮಾಡಲೇಬೇಕು, ಏಕೆಂದರೆ ಚೀಟಿಗಳು ಯಾವ ಕ್ರಮದಲ್ಲಿ ಬಿದ್ದಿವೆ ಎಂಬುದು ನೆನಪಿಗೆ ಗೊತ್ತಿಲ್ಲ. ಆಮೇಲೆ ‘ಬೇಡ’ ಎಂಬ ಚೀಟಿಯನ್ನು ಇಟ್ಟುಕೊಂಡು ಮನೆಯ ಮಾತುಗಳನ್ನು ಕಟ್ಟಿ: ಓಡಬೇಡ, ಎಸೆಯಬೇಡ, ಬಾಗಿಲು ತೆಗೆಯಬೇಡ. ಇವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದರೆ ಅವಳು ದಿನವೂ ಓದುತ್ತಾಳೆ, ಮೂರನೆಯ ದಿನ ನಿಮಗೇ ಒಂದು ‘ಬೇಡ’ ಬರೆದು ಅಂಟಿಸುತ್ತಾಳೆ.

ವಚನದ ಪುಟಕ್ಕೆ ಕತ್ತರಿ ಹಾಕುವುದಕ್ಕೆ ಹಿರಿಯರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕೈಯಲ್ಲೇ ಬರೆಯಿರಿ. ಹಳೆಯ ಲಗ್ನಪತ್ರಿಕೆಗಳ ಹಿಂಬದಿ ದಪ್ಪಗಿದ್ದು ಚೀಟಿಗೆ ಹೇಳಿ ಮಾಡಿಸಿದಂತಿರುತ್ತದೆ. ದೇವರ ಚಿತ್ರವಿರುವ ಭಾಗವನ್ನು ಬಿಟ್ಟು ಕತ್ತರಿಸಿಕೊಂಡರಾಯಿತು. ಪದ ಬಿಡಿಸುವುದು ಅಪಚಾರವೆಂದು ಯಾರಾದರೂ ಅಂದರೆ ಇಷ್ಟು ನೆನಪಿಸಿ: ತಾಳೆಗರಿಯಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯೇ ಇರಲಿಲ್ಲ, ಅಕ್ಷರಗಳು ಸಾಲಾಗಿ ಹರಿಯುತ್ತಿದ್ದವು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಕಟ್ಟುಗಳನ್ನು ಕೂಡಿಸಿ 1923ರಿಂದ ಅಚ್ಚಿಗೆ ಕೊಟ್ಟರು. ಅಂಥ ಸಂಪಾದಕರು ಒಂದೊಂದು ಪದವನ್ನೂ ಬಿಡಿಸಿ ಇಟ್ಟದ್ದರಿಂದಲೇ ಇಂದು ನಮಗೆ ವಚನ ಪುಸ್ತಕದಲ್ಲಿ ಓದಲು ಸಿಗುತ್ತಿದೆ. ನೀವು ಇನ್ನೂ ಸ್ವಲ್ಪ ಬಿಡಿಸುತ್ತೀರಿ, ಅಷ್ಟೇ. ‘ದೇವರನೊಲಿಸುವ’ ಎಂಬುದನ್ನು ‘ದೇವರನು ಒಲಿಸುವ’ ಎಂದು ಬರೆದುಕೊಟ್ಟರೆ ಅವಳಿಗೆ ಓದಲೂ ಆಗುತ್ತದೆ, ಅರ್ಥವೂ ಆಗುತ್ತದೆ.

ಅರ್ಥದ ಮಾತು ಬಂದದ್ದರಿಂದ ಹೇಳುತ್ತೇನೆ. ಕಳಬೇಡ ಎಂದರೇನು ಎಂದು ಒಬ್ಬ ಹುಡುಗಿಯನ್ನು ಕೇಳಿದಾಗ, ಪೆನ್ಸಿಲ್ಲು ಕಳೀಬಾರದು ಅಂತ, ಎಂದಳು. ಅವಳ ಭಾಷೆಯಲ್ಲಿ ಆ ಉತ್ತರ ಸರಿಯೇ. ಕದಿಯುವುದಕ್ಕೆ ‘ಕಳ್’ ಎಂಬ ಹಳೆಯ ಧಾತು ಇತ್ತೆಂದು, ಕಳ್ಳ ಎಂಬ ಪದದಲ್ಲಿ ಅದು ಇನ್ನೂ ಇದೆಯೆಂದು ಹೇಳಿದ ಮೇಲೆ ಅವಳ ಮುಖ ನೋಡಬೇಕಿತ್ತು. ವಚನದ ಕನ್ನಡ ಹನ್ನೆರಡನೆಯ ಶತಮಾನದ್ದು. ಎನ್ನ, ಎನಗೆ, ಹುಸಿ, ಮುನಿ, ಹಳಿ ಇವು ಮಗುವಿನ ದಿನದ ಮಾತಿನಲ್ಲಿಲ್ಲ. ಬಾಯಿಪಾಠವಿದ್ದ ಮಾತ್ರಕ್ಕೆ ಅರ್ಥವಿದೆಯೆಂದು ತಿಳಿಯಬೇಡಿ, ದಿನಕ್ಕೆ ಒಂದೇ ಪದ ಕೇಳಿ.

ಇದರ ಇನ್ನೊಂದು ಮುಖವೆಂದರೆ ಆಡುಮಾತು. ನಿಮ್ಮ ಕಡೆಯ ಮಗು ಪುಸ್ತಕದಲ್ಲಿ ‘ಮನೆ’ ಎಂದಿದ್ದರೆ ‘ಮನಿ’ ಎಂದು ಓದುತ್ತದೆ. ಇದನ್ನು ತಪ್ಪೆಂದು ತಿದ್ದಲು ಹೋಗಬೇಡಿ. ಅಕ್ಷರ ನೋಡಿ, ಪದ ಗುರುತಿಸಿ, ಅರ್ಥ ಹಿಡಿದು, ತನ್ನ ಬಾಯಿಯಲ್ಲಿ ಹೇಳಿದ್ದರಿಂದಲೇ ಮನಿ ಆಯಿತು. ಅದು ಓದು ಬಂದಿರುವುದರ ಗುರುತು. ಬರೆಯುವಾಗ ಎತ್ವ ತೋರಿಸಿದರೆ ಸಾಕು. ಮಹಾಪ್ರಾಣದ ವಿಷಯದಲ್ಲೂ ಅಷ್ಟೇ, ನಮ್ಮ ಆಡುಮಾತಿನಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಆದ್ದರಿಂದ ಕಣ್ಣಿನಿಂದ ಕಲಿಯಬೇಕಾದದ್ದನ್ನು ಕಿವಿಯಿಂದ ಕಲಿಯಲಿಲ್ಲವೆಂದು ಗದರಿಸುವುದು ನ್ಯಾಯವಲ್ಲ.

ಈಗ ಮಾವನವರ ಷರತ್ತು, ಬೇರೆ ಪುಸ್ತಕ ಬೇಡ ಎಂಬುದು. ಇದರಲ್ಲಿ ನಾನು ನಿಮ್ಮ ಪಕ್ಷವನ್ನೂ ಅವರ ಪಕ್ಷವನ್ನೂ ಪೂರ್ತಿ ಹಿಡಿಯಲಾರೆ. ಓದು ಗಟ್ಟಿಯಾಗಬೇಕಾದರೆ ಮಗು ಎಂದೂ ಕೇಳದ ಸಾಲುಗಳು ದಿನವೂ ಅವಳ ಮುಂದೆ ಬರಲೇಬೇಕು, ಇದರಲ್ಲಿ ರಾಜಿ ಇಲ್ಲ. ಆದರೆ ಕೇಳದ ಸಾಲು ಎಂದರೆ ಪರಕೀಯವಾದ ಸಾಲು ಎಂದೇನೂ ಅಲ್ಲ. ಶರಣರು ಕಾಯಕದವರು, ಮಕ್ಕಳು ಇಷ್ಟಪಡುವ ಕೆಲಸಗಳನ್ನೇ ಮಾಡುತ್ತಿದ್ದವರು: ಚೌಡಯ್ಯ ದೋಣಿ ನಡೆಸಿದ, ಚಂದಯ್ಯ ಹಗ್ಗ ಹೊಸೆದ, ಮಾಚಯ್ಯ ಬಟ್ಟೆ ಒಗೆದ, ಮಾರಯ್ಯ ಅಕ್ಕಿ ಆಯ್ದು ತಂದ. ಅವರ ಕೆಲಸದ ಬಗ್ಗೆ ನೀವೇ ದಿನಕ್ಕೆ ಐದಾರು ಸಾಲು ಬರೆಯಿರಿ. ಒತ್ತಕ್ಷರ ಬರುವ ಮೊದಲು ಹೀಗೆ ಬರೆಯಬಹುದು: ‘ದೋಣಿ ಬಂತು. ಜನರು ಏರಿದರು. ದೋಣಿ ಸಾಗಿತು. ಮಳೆ ಬಂತು. ದೋಣಿ ವಾಲಿತು. ಜನರು ಹೆದರಿದರು. ಅಂಬಿಗ ಹಾಡಿದ.’ ಇದರಲ್ಲಿ ಒಂದೂ ಒತ್ತಿಲ್ಲ, ನೀವು ಹೇಳಿದ ‘ಮಳೆ’ಯೂ ಇದೆ, ಮುಂದೇನಾಯಿತೆಂದು ತಿಳಿಯಬೇಕಾದರೆ ಓದದೆ ಬೇರೆ ದಾರಿಯಿಲ್ಲ. ಒತ್ತು ಬಂದ ಮೇಲೆ, ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬಾ ಎಂದ ಪ್ರಸಂಗ ಬರೆಯಿರಿ. ಆ ಕಥೆಯ ಹೆಸರುಗಳೇ ಒತ್ತಕ್ಷರದ ಪಾಠ. ಇಂಥ ಒಂದು ತಿಂಗಳು ಕಳೆದ ಮೇಲೆ ಮಾವನವರೇ ನಿಮ್ಮ ತಂಗಿ ತಂದ ಪುಸ್ತಕ ತೆರೆಯಲು ಹೇಳಿಯಾರು. ಹೇಳದಿದ್ದರೂ ನೀವು ತೆರೆಯಬೇಕು: ಆನೆ, ರೈಲು, ಇಡ್ಲಿಯ ಕಥೆಗಳಿಂದ ಮಗುವಿನ ಭಕ್ತಿ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಹಂತಗಳ ಪ್ರಕಾರ ಉಚಿತವಾಗಿ ಸಿಗುತ್ತವೆ; ಮೊದಲ ಹಂತದಿಂದ ಶುರು ಮಾಡಿ.

ಇನ್ನೊಂದು ಕಾರಣಕ್ಕೂ ಪೂಜೆಯ ಹೊತ್ತನ್ನೂ ಓದಿನ ಹೊತ್ತನ್ನೂ ಬೇರ್ಪಡಿಸಬೇಕು. ಪವಿತ್ರವೆಂದು ಕಲಿಸಿದ ಪಾಠದಲ್ಲಿ ತಪ್ಪು ಮಾಡಲು ಮಗು ಹೆದರುತ್ತದೆ. ಓದು ಕಲಿಯುವುದೆಂದರೆ ದಿನಕ್ಕೆ ಐವತ್ತು ಸಲ ತಪ್ಪುವುದು. ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಅಜ್ಜನ ಪಕ್ಕದಲ್ಲಿ ಕುಳಿತ ಮಗು ಐವತ್ತು ಸಲ ತಪ್ಪುವ ಧೈರ್ಯ ಎಲ್ಲಿಂದ ತರಬೇಕು? ಅದಕ್ಕೇ ಅದು ತಪ್ಪಿಲ್ಲದ ದಾರಿಯನ್ನು, ಅಂದರೆ ಬಾಯಿಪಾಠವನ್ನು, ಹಿಡಿಯುತ್ತದೆ. ಓದಿನ ಪಾಠ ಬೇರೆ ಜಾಗದಲ್ಲಿ, ಬೇರೆ ಹೊತ್ತಿನಲ್ಲಿ, ಒರೆಸಬಹುದಾದ ಪಾಟಿಯ ಮೇಲೆ, ಇಪ್ಪತ್ತು ನಿಮಿಷ ಮೀರದಂತೆ ನಡೆಯಲಿ.

ತಡವಾಯಿತೆಂಬ ಆತಂಕ ಬೇಡ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ, ನಮ್ಮ ಲಿಪಿಯ ಅಕ್ಷರಗಳನ್ನೆಲ್ಲ ಮಕ್ಕಳು ಒಂದನೆಯ ತರಗತಿಯಲ್ಲೇ ಮುಗಿಸುವುದಿಲ್ಲ, ಆ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ಎ, ಬಿ, ಸಿ, ಡಿ ಎಂದು 26ಕ್ಕೆ ಮುಗಿಯುವ ಭಾಷೆಯ ವೇಗವನ್ನು ಕನ್ನಡಕ್ಕೆ ಹಚ್ಚಿ ನೋಡಬಾರದು. ಹಾಗೆಂದು ಆರು ತಿಂಗಳು ಕ್ರಮವಾಗಿ ಕಲಿಸಿದ ಮೇಲೂ ಸರಳ ಅಕ್ಷರಗಳು ನಿಲ್ಲದಿದ್ದರೆ, ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸಿ, ಆಮೇಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಾಗಲಿ ಕಲಿಕೆಯ ತೊಂದರೆಯ ಪರೀಕ್ಷೆಗೆ ತೋರಿಸಿ.

ಇಂಗ್ಲಿಷ್ ಮಾತು ಈಗಲೇ ಇರಲಿ, ಇಂಗ್ಲಿಷ್ ಓದು ಮಾತ್ರ ಅವಳು ಕೇಳದ ಕನ್ನಡದ ಒಂದು ಪರಿಚ್ಛೇದವನ್ನು ತಾನೇ ಓದುವ ದಿನದ ನಂತರ. ನಮ್ಮ ಒಂದು ಅಕ್ಷರದಲ್ಲಿ ವ್ಯಂಜನವೂ ಸ್ವರವೂ ಕೂಡಿರುತ್ತವೆ, ಅವರ ಒಂದು ಅಕ್ಷರ ಒಂಟಿ. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡೂ ಕಲಸಿಹೋಗುತ್ತವೆ.

ನೀವು ಕೇಳದಿದ್ದರೂ ಕಾನೂನಿನ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು, ಅದರ 10ನೆಯ ಕಲಂ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಮನೆಯಲ್ಲಿ ಕಲಿಸುವುದನ್ನು ಹೆಸರಿಸಿ ಒಪ್ಪಿಯೂ ಇಲ್ಲ, ನಿಷೇಧಿಸಿಯೂ ಇಲ್ಲ. 2012ರ ತಿದ್ದುಪಡಿಯು ಮದರಸಾ, ವೇದ ಪಾಠಶಾಲೆ ಮತ್ತು ಮುಖ್ಯವಾಗಿ ಧಾರ್ಮಿಕ ಬೋಧನೆಯ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಟ್ಟಿದೆ, ಆದರೆ ಅದು ಸಂಸ್ಥೆಗಳಿಗೆ ಹೇಳಿದ್ದು, ಮನೆಗೆ ಹೇಳಿದ್ದಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮುಕ್ತ ಮೂಲ ಶಿಕ್ಷಣ ಯೋಜನೆಯಲ್ಲಿ 3, 5, 8ನೆಯ ತರಗತಿಗಳಿಗೆ ಸಮಾನವಾದ ಹಂತಗಳಿವೆ, 14 ತುಂಬಿದ ಮೇಲೆ ಪ್ರೌಢ ಹಂತದ ಪರೀಕ್ಷೆಗೆ ಕೂರಬಹುದು; ಅದನ್ನು ಈಗಿನಿಂದಲೇ ವಿಚಾರಿಸಿಡಿ.

ಇನ್ನು ಮಾವನವರು. ಅವರ ಬೆಳಗಿನ ಪಾಠವನ್ನು ನಿಲ್ಲಿಸಬೇಡಿ. ಪುಸ್ತಕ ಮುಚ್ಚಿಟ್ಟು ಬಾಯಲ್ಲೇ ಹೇಳಿಸಲಿ, ಅದು ಅದರ ನಿಜವಾದ ರೂಪ. ಸಂಜೆ ಅವರಿಗೆ ಇನ್ನೊಂದು ಕೆಲಸ ಕೊಡಿ: ಕನ್ನಡಕ ತೆಗೆದಿಟ್ಟು ಕುಳಿತುಕೊಳ್ಳಲಿ, ಮಗಳು ಪಂಚಾಂಗದ ಒಂದು ಸಾಲನ್ನೋ, ಊರಿನ ಜಾತ್ರೆಯ ಕರಪತ್ರವನ್ನೋ, ಬಂದ ಲಗ್ನಪತ್ರಿಕೆಯ ಮುಹೂರ್ತವನ್ನೋ ಅವರಿಗೆ ಓದಿ ಹೇಳಲಿ. ಅವರಿಗೆ ನಿಜವಾಗಿಯೂ ಗೊತ್ತಿರದ ವಿಷಯವೇ ಆಗಿರಬೇಕು. ಮದುವೆ ಯಾವ ವಾರ ಎಂದು ಅವರು ಕೇಳಿದಾಗ ಅವಳ ಬೆರಳು ಸಾಲಿನ ಆರಂಭಕ್ಕೆ ಹೋಗುತ್ತದೆಯೋ, ನೇರವಾಗಿ ವಾರದ ಹೆಸರಿನ ಮೇಲೆ ಹೋಗಿ ನಿಲ್ಲುತ್ತದೆಯೋ ಗಮನಿಸಿ, ಆರು ತಿಂಗಳ ನಂತರ ನನಗೆ ಮತ್ತೆ ಬರೆಯಿರಿ.